ತುಕ್ಕು ತೆಗೆಯಲು ಹೋದ ರೈಟರು

ಡಯಾಲಿಸಿಸ್ ಘಟಕಕ್ಕೆ ಹೊಸದಾಗಿ ಸೇರುವವರು ಮೊದಲ ದಿನ ಮಿಷನ್ನನ್ನೇ ನೋಡುತ್ತಾ ನಿಲ್ಲುತ್ತಾರೆ. ಕೆಂಪು ದೀಪ, ಹಸಿರು ದೀಪ, ತಿರುಗುವ ಪಂಪು, ಕೊಳವೆಯಲ್ಲಿ ಓಡುವ ರಕ್ತ. ನಾನೂ ಹಾಗೇ ನಿಂತು ಬೈಸಿಕೊಂಡವಳೇ. ನೋಡಬೇಕಾದ್ದು ಮಂಚದ ಮೇಲಿರುವವರ ಕಾಲನ್ನು. ಪಾದದ ಮೇಲೆ ಹೆಬ್ಬೆರಳು ಒತ್ತಿದಾಗ ಬಿದ್ದ ಗುಳಿ ಹಾಗೇ ಉಳಿದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಆಮೇಲೆ ಮುಖ ನೋಡಬೇಕು, ಉಸಿರು ನೋಡಬೇಕು, ಕೊನೆಗೆ ಮಿಷನ್. ಮಿಷನ್ನಿಗೆ ತೊಂದರೆಯಾದರೆ ತಾನೇ ಕಿರುಚಿಕೊಳ್ಳುತ್ತದೆ. ನಮ್ಮ ಕಡೆಯ ಜನ ಕಿರುಚಿಕೊಳ್ಳುವವರಲ್ಲ. "ಏನಿಲ್ಲ ಬುಡಿ ಸಿಸ್ಟ್ರೇ, ಚೆನ್ನಾಗಿವ್ನಿ" ಎನ್ನುತ್ತಲೇ ಕಣ್ಣು ಮೇಲೆ ಮಾಡಿರುತ್ತಾರೆ.

ನಾನು ಆಲೂರು ಕಡೆಯವಳು. ನರ್ಸ್ ಆಗಿ ಬಹಳ ಕಾಲ ಹೆರಿಗೆ ವಾರ್ಡಿನಲ್ಲಿದ್ದೆ. ಆಮೇಲೆ ಘಟ್ಟದಂಚಿನ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಶುರುವಾದ ಡಯಾಲಿಸಿಸ್ ಘಟಕಕ್ಕೆ ಹಾಕಿದರು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎನ್ನುವುದನ್ನೂ ಬರೆಯುವುದಿಲ್ಲ. ಶಾಲುಗಳು ಪೆಟ್ಟಿಗೆಯಲ್ಲಿವೆ, ನುಸಿಗುಳಿಗೆ ಹಾಕಿಟ್ಟಿದ್ದೇನೆ.

ಹೆರಿಗೆ ವಾರ್ಡಿಗೆ ಬಂದವರು ಎರಡು ಮೂರು ದಿನಕ್ಕೆ ಮಗು ಎತ್ತಿಕೊಂಡು ಹೋಗಿಬಿಡುತ್ತಿದ್ದರು, ಮುಖವೂ ಮರೆತುಹೋಗುತ್ತಿತ್ತು. ಇಲ್ಲಿಗೆ ಬಂದವರು ಹೋಗುವುದೇ ಇಲ್ಲ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಎರಡು ಮೂರು ಸಲ ಮಿಷನ್ನಿಗೆ ಬರಲೇಬೇಕು, ಬೇರೆ ಕಿಡ್ನಿ ಸಿಗುವವರೆಗೆ ಅಥವಾ ಸಾಯುವವರೆಗೆ. ನಮ್ಮ ನೆಂಟರ ಮುಖಕ್ಕಿಂತ ಹೆಚ್ಚಾಗಿ ಅವರ ಮುಖ ನೋಡುತ್ತೇವೆ. ಹಾಗಾಗಿ ಸಲುಗೆಯೂ ಹೆಚ್ಚು, ಜಗಳವೂ ಹೆಚ್ಚು.

ಘಟಕ ಶುರುವಾದಾಗ ನಮಗಿದ್ದ ದೊಡ್ಡ ಡಾಕ್ಟರಿಗೆ ನೀರು ಶುದ್ಧ ಮಾಡುವ ಯಂತ್ರದ ಮೇಲೆಯೇ ಸಿಟ್ಟು. ಡಯಾಲಿಸಿಸ್‌ಗೆ ಬಹಳ ನೀರು ಬೇಕು, ಅದರಲ್ಲಿ ಯಾವ ಕಲ್ಮಶವೂ ಇರಬಾರದು. "ಹೇಮಾವತಿ ನೀರು ಕುಡಿದು ಬೆಳೆದವರಮ್ಮ ನಾವು, ಇಂಥ ನೀರಿಗೆ ಇನ್ನೆಂಥ ಶುದ್ಧಿ?" ಎಂದು ನನ್ನ ಮೇಲೆ ಹಾರಾಡಿದರು, ಯಂತ್ರ ತರಿಸಿದವಳು ನಾನೇ ಎನ್ನುವ ಹಾಗೆ. ಆ ಮಳೆಗಾಲದಲ್ಲಿ ಟೆಕ್ನಿಷಿಯನ್ ಲೋಕೇಶ ಫಿಲ್ಟರ್ ಬಿಚ್ಚಿ ಅವರ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟ. ಒಳಗೆ ಗದ್ದೆಯ ಕೆಸರಿತ್ತು. ಮಾರನೆಯ ದಿನದಿಂದ ಸಾಹೇಬರು ಮನೆಯಿಂದ ಕಾಯಿಸಿದ ನೀರು ತರತೊಡಗಿದರು.

ರೋಗಿಗಳ ಜೊತೆ ನಮ್ಮ ದೊಡ್ಡ ಜಗಳವೂ ನೀರಿನದ್ದೇ. ಮೂತ್ರವೇ ಹೋಗದವರು ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೂ ಸೇರುತ್ತದೆ. ಜೀಪ್ ಓಡಿಸುತ್ತಿದ್ದ ಬೆಳಗೋಡಿನ ಮಂಜ ಪ್ರತಿ ಸಲ ಊದಿಕೊಂಡು ಬರುತ್ತಿದ್ದ.

"ಎಷ್ಟು ನೀರು ಕುಡ್ದ್ಯೋ ಮಾರಾಯ?"

"ದೇವ್ರಾಣೆಗೂ ನೀರು ಮುಟ್ಟಿಲ್ಲ ಸಿಸ್ಟ್ರಮ್ಮ. ಬರೀ ಕಾಫಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಾವು ನೀರು ಬೇಡ ಎಂದಿದ್ದೆವು, ಅವನು ನೀರು ಬಿಟ್ಟಿದ್ದ. ಕಾಫಿ, ಮಜ್ಜಿಗೆ, ಗಂಜಿತಿಳಿ ಯಾವುದೂ ಅವನ ಪ್ರಕಾರ ನೀರಲ್ಲ. ಅವತ್ತು ಎಲ್ಲರೂ ನಕ್ಕೆವು. ನಾವು ಆಡಿದ ಮಾತು ಕೇಳಿದವರ ತಲೆಯೊಳಗೆ ಹೋಗಿ ಏನಾಗುತ್ತದೆ ಎಂದು ಅವತ್ತೇ ಯೋಚಿಸಿದ್ದರೆ ಚೆನ್ನಾಗಿತ್ತು. ಯೋಚಿಸುವ ಹಾಗೆ ಮಾಡಿದವರು ರೈಟರ್ ಶಿವಪ್ಪ.

ನಮ್ಮ ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳು ಸಾಲಾಗಿ ವಾಸವಿರುವ ಲೈನ್‌ಮನೆಗಳ ಮುಂದೆ ನಿಂತು ಹಾಜರಿ ಕರೆದು, ಯಾರು ಯಾವ ಕಡೆ ಕೆಲಸಕ್ಕೆ ಎಂದು ಹಂಚುವವರು. ಶಿವಪ್ಪ ಯಸಳೂರು ಕಡೆಯ ಒಂದು ಎಸ್ಟೇಟಿನ ರೈಟರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಗುಡ್ಡದಾಚೆಗೂ ಕೇಳುವ ಗಂಟಲು. ಬಿ.ಪಿ. ಇದೆ ಎಂದು ಗೊತ್ತಾಗುವ ಹೊತ್ತಿಗೆ ಅದು ಎರಡೂ ಕಿಡ್ನಿಯನ್ನು ತಿಂದು ಮುಗಿಸಿತ್ತು. ಹೆಂಡತಿ ಗಿರಿಜಕ್ಕ ಮೊದಲ ದಿನ ಅವರ ಕೈ ಹಿಡಿದುಕೊಂಡು ಬಂದಾಗ ಆತ ಕೇಳಿದ ಮೊದಲ ಪ್ರಶ್ನೆ ಇದು:

"ಸಿಸ್ಟ್ರಮ್ಮ, ಎಷ್ಟು ದಿವ್ಸದ ಕೋರ್ಸು ಇದು?"

ಬರುವವರೆಲ್ಲ ಕೇಳುವ ಪ್ರಶ್ನೆ. ನಮ್ಮವರೆಲ್ಲ ಕೊಡುವ ಉತ್ತರವೂ ಒಂದೇ, "ನೋಡೋಣ, ಮೊದ್ಲು ಸುಧಾರಿಸ್ಕಳಿ." ನಾನೂ ಅದನ್ನೇ ಹೇಳಿದೆ. ಇದು ಉತ್ತರವೇ ಅಲ್ಲ ಎಂದು ನಮಗೂ ಗೊತ್ತು. ಆದರೆ ಬಂದ ದಿನವೇ ಒಬ್ಬರಿಗೆ ಇದು ಜೀವನಪೂರ್ತಿ ಎಂದು ಹೇಳುವುದಕ್ಕೆ ಬಾಯಿ ಬರುವುದಿಲ್ಲ.

ಶಿವಪ್ಪನವರಿಗೆ ಸೂಜಿಯ ನೋವಿನ ಚಿಂತೆಯಿರಲಿಲ್ಲ. ಸೂಜಿ ಚುಚ್ಚಲು ಸುಲಭವಾಗಲಿ ಎಂದು ಎಡಗೈಯಲ್ಲಿ ರಕ್ತನಾಳ ಜೋಡಿಸಿ ಉಬ್ಬಿಸಿರುತ್ತಾರೆ, ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ಅದುರುತ್ತದೆ. ಅದನ್ನು ಆತ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದರು. ಅವರ ಸಂಕಟ ಬೇರೆ. ಡಯಾಲಿಸಿಸ್ ದಿನಗಳಲ್ಲಿ ಎಸ್ಟೇಟಿನಲ್ಲಿ ಇನ್ನೊಬ್ಬ ಹಾಜರಿ ಕರೆಯುತ್ತಿದ್ದ.

"ನಾನಿಲ್ಲಿ ಮಲಗಿರ್ತೀನಿ, ಅಲ್ಲಿ ನನ್ನ ಹಾಜ್ರಿನ ಇನ್ನೊಬ್ಬ ಕರೀತಾ ಇರ್ತಾನೆ ಕಣ್ರೀ. ಹೆಸ್ರು ಹಿಡ್ದು ಕರ್ಯಕ್ಕೇ ಬರಲ್ಲ ಆ ನನ್ಮಗಂಗೆ" ಎಂದು ಒಂದು ದಿನ ಅಳುವುದೊಂದೇ ಬಾಕಿ ಎನ್ನುವ ಹಾಗೆ ಹೇಳಿಕೊಂಡರು. ಮಾಲೀಕರು ಒಳ್ಳೆಯವರು, ಇವರನ್ನು ತೆಗೆದಿರಲಿಲ್ಲ. ಆದರೆ ಕಾಫಿ ಕೊಯ್ಲು ಶುರುವಾದರೆ ದಿನಾ ಇರುವ ರೈಟರು ಬೇಕಾಗುತ್ತದೆ. ಕೊಯ್ಲಿಗೆ ಮುಂಚೆ ಮಿಷನ್ನಿನಿಂದ ಬಿಡಿಸಿಕೊಳ್ಳಬೇಕು, ಮತ್ತೆ ದಿನಾ ಬೆಳಿಗ್ಗೆ ತಾನೇ ನಿಂತು ಹಾಜರಿ ಕರೆಯಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಹಾಸನದಿಂದ ವಾರಕ್ಕೊಮ್ಮೆ ಕಿಡ್ನಿ ಡಾಕ್ಟರು ಬರುತ್ತಿದ್ದರು. ಸಣ್ಣ ವಯಸ್ಸು, ಒಳ್ಳೆಯ ಮನಸ್ಸು, ಯಾವಾಗಲೂ ಅವಸರ. ಹಳೆಯ ಡಾಕ್ಟರುಗಳು ರೋಗಿಗೆ ಏನೂ ಹೇಳುತ್ತಿರಲಿಲ್ಲ, "ಹೇಳಿದಷ್ಟು ಮಾಡು" ಎನ್ನುವುದೇ ಅವರ ಚಿಕಿತ್ಸೆ. ಈತ ಹಾಗಲ್ಲ. ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳುತ್ತಿದ್ದರು. ಆ ದಿನ ಹೇಳಿದ್ದು ಆಕ್ಸಿಡೇಟಿವ್ ಸ್ಟ್ರೆಸ್ ಬಗ್ಗೆ.

"ನಾವು ಉಸಿರಾಡೋ ಆಮ್ಲಜನಕದಿಂದಲೇ ಮೈಯೊಳಗೆ ಕೆಲವು ಕೆಟ್ಟ ಕಣಗಳು ಹುಟ್ಟುತ್ತವೆ. ಕಿಡ್ನಿ ಚೆನ್ನಾಗಿದ್ದರೆ ಮೈ ಅದನ್ನ ಸಂಭಾಳಿಸುತ್ತೆ. ಕಿಡ್ನಿ ಕೆಟ್ಟವರಲ್ಲಿ ಅದು ಜಾಸ್ತಿಯಾಗಿ ರಕ್ತನಾಳ, ಹೃದಯ ಎಲ್ಲಾ ಹಾಳು ಮಾಡುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಹಾಗೆ ಒಳಗೊಳಗೇ ತುಕ್ಕು ಹಿಡೀತಿದೆ ಅಂದ್ಕೊಳ್ಳಿ."

ನನಗೆ ಆ ಮಾತು ಬಹಳ ಹಿಡಿಸಿತು. ಇಷ್ಟು ಸುಲಭವಾಗಿ ಹೇಳಬಹುದಲ್ಲ ಎಂದು ನಾನೂ ಒಂದಿಬ್ಬರಿಗೆ ಹೇಳಿದೆ. ಶಿವಪ್ಪನವರು ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು.

"ಸಾರ್, ಈ ಸ್ಟೆಮ್ ಸೆಲ್ ಅಂತ ಹಾಕ್ತಾರಂತಲ್ಲ? ಅದನ್ನ ಹಾಕುಸ್ಕಂಡ್ರೆ ಕಿಡ್ನಿ ಮತ್ತೆ ಚಿಗುರ್ತದಂತೆ. ಮಿಷನ್ನೇ ಬ್ಯಾಡ್ವಂತೆ."

"ಅದು ಇನ್ನೂ ಸಂಶೋಧನೆಯಲ್ಲಿದೆ. ಸದ್ಯಕ್ಕೆ ನಿಮಗಲ್ಲ" ಎಂದರು ಡಾಕ್ಟರು. ಅಷ್ಟರಲ್ಲಿ ಕೆಳಗಡೆಯಿಂದ ತುರ್ತು ಕರೆ ಬಂದು ಎದ್ದು ಹೋದರು.

ಶಿವಪ್ಪನವರ ಮೊಬೈಲಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು. ದೂರದ ಒಂದು ಊರಿನ ಕ್ಲಿನಿಕ್ಕಿನದು. ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ, ಅದನ್ನು ಒಳಗೆ ಬಿಟ್ಟರೆ ಸತ್ತ ಕಿಡ್ನಿ ಬದುಕುತ್ತದೆ ಎಂದು ಕೋಟು ಹಾಕಿದವರೊಬ್ಬರು ಹೇಳುತ್ತಿದ್ದರು. ಅಲ್ಲಿಂದ ಒಬ್ಬಾಕೆ ಆಗಾಗ ಫೋನ್ ಮಾಡಿ "ಯಾವಾಗ ಬರ್ತೀರಾ ಅಂಕಲ್?" ಎಂದು ವಿಚಾರಿಸುತ್ತಿದ್ದಳು. ಡಾಕ್ಟರು ಆಡಿದ ಮಾತಿನಲ್ಲಿ "ಸಂಶೋಧನೆ" ಎನ್ನುವುದು ರೈಟರ ಕಿವಿಗೆ ಬೀಳಲೇ ಇಲ್ಲ. "ಸದ್ಯಕ್ಕೆ" ಎನ್ನುವುದು ಬಿತ್ತು. ಸದ್ಯಕ್ಕೆ ಅಲ್ಲ ಎಂದರೆ ಆಮೇಲೆ ಹೌದು ತಾನೇ?

ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ಶಿವಪ್ಪ ಬಿಕ್ಕಳಿಸುತ್ತಾ ಬಂದರು. ಬಿಕ್ಕಳಿಕೆ ಬಂದರೆ ನಮ್ಮಲ್ಲಿ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುವುದು ವಾಡಿಕೆ. ಮಂಜ ಪಕ್ಕದ ಮಂಚದಿಂದಲೇ ಶುರು ಮಾಡಿದ.

"ಏನ್ ರೈಟ್ರೇ, ಬೆಳ್ಬೆಳಿಗ್ಗೇನೆ ಯಾವಳೋ ನೆನೆಸ್ಕತಾವಳೆ?"

"ಸುಮ್ನಿರೋ... ಹಿಕ್... ಆಳುಗಳು ಬೈಕತಿರ್ತಾವೆ... ಹಿಕ್..."

ಎಲ್ಲರೂ ನಕ್ಕರು. ಗಿರಿಜಕ್ಕನೂ ನಕ್ಕಳು. ಲೋಕೇಶ ಸೂಜಿ ಹಾಕಿ ಮಿಷನ್ ಶುರು ಮಾಡಿದ. ಪ್ರತಿ ಬಿಕ್ಕಳಿಕೆಗೂ ಕೈ ಜಗ್ಗಿ ಮಿಷನ್ ಕೂಗುವುದು, ಅವನು ಬಂದು ಸರಿ ಮಾಡುವುದು. ಸುಮಾರು ಹೊತ್ತಾದರೂ ಬಿಕ್ಕಳಿಕೆ ನಿಲ್ಲಲಿಲ್ಲ. "ರಾತ್ರಿಯಿಂದ್ಲೂ ಹಿಂಗೇಯ, ಕಣ್ಣು ಮುಚ್ಚಿಲ್ಲ" ಎಂದಳು ಗಿರಿಜಕ್ಕ. ನಾನು ಕಾಲು ನೋಡಿದೆ, ಊತವಿರಲಿಲ್ಲ. ಮುಖ ನೋಡಿದೆ. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ.

"ರೈಟ್ರೇ, ನಾನ್ಯಾರು ಹೇಳಿ?"

"ನೀನಾ... ಹಿಕ್... ಮೇಲಿನ್ ಲೈನಿನೋಳು. ಮೆಣಸಿನ್ ಕಡೀಕೆ ಹೋಗು."

ಮಂಜ ಮತ್ತೆ ನಕ್ಕ. ನಾನು ಅವನ ಕಡೆ ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿದ. ಸಕ್ಕರೆ ನೋಡಿದೆ, ಸರಿಯಿತ್ತು. ಬಿ.ಪಿ. ಸ್ವಲ್ಪ ಮೇಲಿತ್ತು, ಇಷ್ಟು ಮಾತು ತಪ್ಪುವಷ್ಟು ಇರಲಿಲ್ಲ. ಹಾಸನಕ್ಕೆ ಡಾಕ್ಟರಿಗೆ ಫೋನ್ ಹಚ್ಚಿದೆ.

"ಹೊಸದಾಗಿ ಏನಾದ್ರೂ ತಿಂದಿದಾರಾ? ನಾಟಿ ಔಷಧ, ಹಣ್ಣು, ಏನಾದ್ರೂ? ಹೆಂಡತೀನ ಕೇಳಿ" ಎಂದರು.

ಗಿರಿಜಕ್ಕ ಹೆದರಿಕೊಂಡೇ ಹೇಳಿದಳು. "ಔಸ್ತಿ ಏನೂ ಇಲ್ಲ ಸಿಸ್ಟ್ರಮ್ಮ. ದಾರೆಹುಳಿ ಹಣ್ಣಿನ ರಸ ಅಷ್ಟೇಯ. ಎರಡು ದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದೊಂದು ಲೋಟ ಕುಡೀತಾವ್ರೆ. ನೀರಲ್ಲ, ಹಣ್ಣಿನ ರಸ."

ದಾರೆಹುಳಿ ಎಂದರೆ ಅಡ್ಡಕ್ಕೆ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹುಳಿ ಹಣ್ಣು. ನಮ್ಮ ಕಡೆ ಅಲ್ಲಲ್ಲಿ ಹಿತ್ತಲಿನಲ್ಲಿ ಇರುತ್ತದೆ, ಮಕ್ಕಳು ಉಪ್ಪು ಹಚ್ಚಿಕೊಂಡು ತಿನ್ನುತ್ತವೆ. ಫೋನಿನಲ್ಲಿ ಹೇಳಿದೆ.

"ಸಿಸ್ಟರ್, ಮಿಷನ್ ನಿಲ್ಲಿಸಬೇಡಿ. ಕಿಡ್ನಿ ಸರಿ ಇರೋರಿಗೆ ಆ ಹಣ್ಣು ಸಾಮಾನ್ಯವಾಗಿ ಏನೂ ಮಾಡಲ್ಲ. ಇವರಿಗೆ ಅದರ ವಿಷ ಹೊರಗೆ ಹೋಗಲ್ಲ, ಮಿದುಳಿಗೆ ಹೊಡೆಯುತ್ತೆ. ಬಿಕ್ಕಳಿಕೆಯೇ ಅದರ ಮೊದಲ ಲಕ್ಷಣ. ಮುಂದೆ ಫಿಟ್ಸ್ ಬರಬಹುದು. ಎಷ್ಟು ತೊಳೆಯೋಕಾಗುತ್ತೋ ಅಷ್ಟು ತೊಳೆದು ಆಂಬುಲೆನ್ಸ್‌ನಲ್ಲಿ ಇಲ್ಲಿಗೆ ಕಳಿಸಿ. ನಾನು ಇಲ್ಲೇ ಕಾಯ್ತಿರ್ತೀನಿ."

ಆ ದಿನ ಅವರ ಪಾಳಿ ಮುಗಿದರೂ ಮಿಷನ್ ಬಿಡಿಸಲಿಲ್ಲ. ಮುಂದಿನವರನ್ನು ಹೊರಗೆ ಕೂರಿಸಿದೆವು. ಯಾರೂ ಗೊಣಗಲಿಲ್ಲ, ಅದನ್ನು ಬರೆಯಲೇಬೇಕು. ಆಂಬುಲೆನ್ಸಿನಲ್ಲಿ ನಾನೇ ಹೋದೆ. ದಾರಿಯುದ್ದಕ್ಕೂ ಗಿರಿಜಕ್ಕ ಗಂಡನ ಕಾಲು ಹಿಡಿದುಕೊಂಡು "ನಾನೇ ಹಿಂಡಿ ಕೊಟ್ಟೆ, ನನ್ನ ಕೈಯಾರ ಹಿಂಡಿ ಕೊಟ್ಟೆ" ಎನ್ನುತ್ತಿದ್ದಳು. ಶಿವಪ್ಪ ಬಿಕ್ಕಳಿಕೆಯ ನಡುನಡುವೆ ಯಾರು ಯಾರದೋ ಹೆಸರು ಕರೆಯುತ್ತಿದ್ದರು. ಹಾಜರಿ. ಗಂಟಲು ಮಾತ್ರ ಎಂದಿನಷ್ಟೇ ಜೋರು. ನನಗೆ ಅಳು ಬಂದಿತ್ತು. ನರ್ಸ್ ಅಳಬಾರದು ಎಂದು ಯಾರಾದರೂ ನಿಮಗೆ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಅತ್ತರೂ ಕೈ ನಡೆಯುತ್ತಿರಬೇಕು, ಅಷ್ಟೆ.

ಹಾಸನದಲ್ಲಿ ದಿನಾ ಡಯಾಲಿಸಿಸ್ ಮಾಡಿದರು. ಬಿಕ್ಕಳಿಕೆ ನಿಂತಿತು, ಮಾತು ಹಿಂದಕ್ಕೆ ಬಂತು. ಎಲ್ಲರಿಗೂ ಹಾಗೆ ಬರುವುದಿಲ್ಲವಂತೆ, ಇವರ ಅದೃಷ್ಟ. ನಾನು ನೋಡಲು ಹೋದ ದಿನ ಡಾಕ್ಟರು ಮಂಚದ ಪಕ್ಕ ನಿಂತು ಸ್ವಲ್ಪ ಗಟ್ಟಿಯಾಗಿಯೇ ಕೇಳುತ್ತಿದ್ದರು.

"ಯಾರ್ರೀ ನಿಮಗೆ ಅದನ್ನ ಕುಡಿಯೋಕೆ ಹೇಳಿದ್ದು?"

"ನೀವೇ ಅಲ್ವಾ ಸಾರ್" ಎಂದರು ಶಿವಪ್ಪ, ಸಿಟ್ಟಿಲ್ಲದೆ.

"ನಾನಾ?"

"ಒಳಗೆ ತುಕ್ಕು ಹಿಡಿದೈತೆ ಅಂದ್ರಲ್ಲ. ಸ್ಟೆಮ್ ಸೆಲ್ಲು ಸದ್ಯಕ್ಕೆ ಬ್ಯಾಡ ಅಂದ್ರಿ. ಯಾಕೆ ಬ್ಯಾಡ ಅಂದ್ರು ಅಂತ ನಾನು ಯೋಚ್ನೆ ಮಾಡ್ದೆ. ಗುಂಡಿ ಸರಿ ಮಾಡ್ದೆ ಸಸಿ ನೆಟ್ರೆ ಹತ್ತಲ್ಲ. ಒಳಗೆ ತುಕ್ಕು ಇಟ್ಕಂಡು ಹೊಸ ಸೆಲ್ಲು ಹಾಕಿದ್ರೆ ಅದೂ ಹತ್ತಲ್ಲ. ಮೊದ್ಲು ತುಕ್ಕು ತೆಗೀಬೇಕು. ನಮ್ಮ ಸ್ಟೋರಿನಲ್ಲಿ ಗಿಡ ಸವರೋ ಕತ್ತಿಗೆ ತುಕ್ಕು ಹಿಡಿದ್ರೆ ದಾರೆಹುಳಿ ಹಣ್ಣು ಕೊಯ್ದು ತಿಕ್ತೀವಿ. ಎಂಥ ತುಕ್ಕಾದ್ರೂ ಬುಟ್ಕತದೆ, ಕತ್ತಿ ಬೆಳ್ಳಗೆ ಹೊಳೀತದೆ. ಸ್ಟೋರಿನ ಹಿಂದೇನೆ ಮರ ಐತೆ ಸಾರ್."

ಡಾಕ್ಟರು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಲೆಕ್ಕದಲ್ಲಿ ಒಂದು ತಪ್ಪನ್ನಾದರೂ ಹುಡುಕಿ ನೋಡಿ. ಮನುಷ್ಯ ಕಬ್ಬಿಣವಲ್ಲ ಎನ್ನುವುದೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿಯೇ ಇತ್ತು. ಅದನ್ನು ಹೇಳದೆ ಬಿಟ್ಟವರು ನಾವು.

ಅವತ್ತಿನಿಂದ ಡಾಕ್ಟರು ತಮ್ಮ ಪದ್ಧತಿ ಬದಲಾಯಿಸಿಕೊಂಡರು. ಏನೇ ಹೇಳಿದರೂ ಕೊನೆಯಲ್ಲಿ "ನಾನು ಹೇಳಿದ್ದು ನಿಮಗೆ ಏನು ಅರ್ಥ ಆಯ್ತು, ಮನೆಗೆ ಹೋಗಿ ಏನು ಮಾಡ್ತೀರಾ, ನೀವೇ ಹೇಳಿ" ಎಂದು ಕೇಳಿಯೇ ಏಳುತ್ತಿದ್ದರು. ಹೊಸಬರಿಗೆ ನಾನು ಕಲಿಸಿದ ವಿದ್ಯೆಗಳಲ್ಲಿ ಇದೇ ದೊಡ್ಡದು. "ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ. ನಮ್ಮ ಜನ ಆಯ್ತು ಎಂದೇ ಹೇಳುತ್ತಾರೆ, ಇಲ್ಲ ಎಂದರೆ ನಿಮಗೆ ಬೇಜಾರಾದೀತು ಎಂದು.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಶಿವಪ್ಪ ವಾಪಸು ನಮ್ಮ ಮಂಚಕ್ಕೆ ಬಂದರು, ಆದರೆ ಸ್ಟೆಮ್ ಸೆಲ್ ತಲೆಯಿಂದ ಇಳಿದಿರಲಿಲ್ಲ. ತುಕ್ಕು ತೆಗೆಯುವ ದಾರಿ ತಪ್ಪಾಯಿತು, ಸ್ಟೆಮ್ ಸೆಲ್ಲೇ ತಪ್ಪಲ್ಲವಲ್ಲ ಎನ್ನುವ ವಾದ. ಕೊಯ್ಲು ಹತ್ತಿರ ಬರುತ್ತಿತ್ತು. ಒಂದು ದಿನ ಸೂಜಿ ಹಾಕುವಾಗ ಮೆಲ್ಲಗೆ ಹೇಳಿದರು.

"ಸಿಸ್ಟ್ರಮ್ಮ, ಮುಂದಿನ್ ವಾರ ನಾನು ಬರಲ್ಲ. ಆ ಕ್ಲಿನಿಕ್‌ಗೆ ಹೋಗ್ಬುಡ್ತೀವಿ. ಅಲ್ಲಿ ಸೇರ್ದ ಮೇಲೆ ಮಿಷನ್ನು ನಿಲ್ಲುಸ್ಬೇಕಂತೆ. ಮಿಷನ್ನಿದ್ರೆ ಕಿಡ್ನಿ ಸೋಮಾರಿ ಆಗ್ತದಂತೆ."

ನನಗೆ ಎಲ್ಲಿತ್ತೋ ಸಿಟ್ಟು. "ಸೋಮಾರಿ ಅಲ್ಲ ರೈಟ್ರೇ, ಅದು ಸತ್ತೋಗೈತೆ. ಮಿಷನ್ನು ಬುಟ್ರೆ ನೀವೂ ಅದ್ರ ಹಿಂದೆ ಹೋಗ್ತೀರ" ಎಂದುಬಿಟ್ಟೆ. ಗಿರಿಜಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಶಿವಪ್ಪ ಕಣ್ಣು ಮುಚ್ಚಿಕೊಂಡರು. ಬೈದರೆ ಜನ ನಿರ್ಧಾರ ಬದಲಾಯಿಸುವುದಿಲ್ಲ, ನಮ್ಮ ಹತ್ತಿರ ಹೇಳುವುದನ್ನು ಬಿಡುತ್ತಾರೆ.

ಡಾಕ್ಟರು ಬಂದ ದಿನ ವಿಷಯ ತಿಳಿಸಿದೆ. ಈ ಸಲ ಅವರು ಅವಸರ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಯಾವ ಹೋಲಿಕೆಯನ್ನೂ ಕೊಡದೆ ಹೇಳಿದರು. ಸ್ಟೆಮ್ ಸೆಲ್ ಸುಳ್ಳಲ್ಲ, ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ. ಅವು ಹೊಸ ಕಿಡ್ನಿಯಾಗಿ ಬೆಳೆಯುವುದಕ್ಕಿಂತ ಹೆಚ್ಚಾಗಿ ಕಿಡ್ನಿಯಲ್ಲಿನ ಉರಿಯೂತವನ್ನೂ ಈ ಆಕ್ಸಿಡೇಟಿವ್ ಸ್ಟ್ರೆಸ್ಸನ್ನೂ ತಗ್ಗಿಸಬಹುದೇ ಎಂದು ನೋಡುತ್ತಿದ್ದಾರೆ. ಪೂರ್ತಿ ಕೆಟ್ಟ ಕಿಡ್ನಿಯನ್ನು ಬದುಕಿಸಿ ಮಿಷನ್ ಬಿಡಿಸುತ್ತದೆ ಎಂದು ಎಲ್ಲೂ ಸಾಬೀತಾಗಿಲ್ಲ. ಅನುಮತಿ ಪಡೆದ ಸಂಶೋಧನೆಯಲ್ಲಿ ಬಿಟ್ಟು ಬೇರೆ ಕಡೆ ಕೊಡುವಂತಿಲ್ಲ. ಮಿಷನ್ ನಿಲ್ಲಿಸು ಎಂದು ಯಾವ ಸರಿಯಾದ ಡಾಕ್ಟರೂ ಹೇಳುವುದಿಲ್ಲ. ಕೊನೆಗೆ ಕೇಳಿದರು, "ಏನು ಅರ್ಥ ಆಯ್ತು, ಹೇಳಿ."

"ನೀವು ಹೇಳೋದು ಅರ್ಥ ಆಯ್ತು ಸಾರ್. ಅವ್ರೂ ಡಾಕ್ಟ್ರೇ ಅಲ್ವಾ, ಅವ್ರು ಹಂಗೆ ಹೇಳ್ತಾರೆ. ನಾನು ಯಾರ್ನ ನಂಬ್ಲಿ?"

"ಯಾರನ್ನೂ ನಂಬಬೇಡಿ. ನಿಮ್ಮ ಮನಸ್ಸಿನಲ್ಲಿರೋದನ್ನ ಅವರನ್ನೇ ಕೇಳಿ. ನಾವು ಮಧ್ಯ ಬಾಯಿ ಹಾಕಲ್ಲ."

ಶಿವಪ್ಪ ಅಲ್ಲೇ, ಮಂಚದ ಮೇಲಿಂದಲೇ, ಬಲಗೈಯಲ್ಲಿ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದರು. ಮಂಜ ಕೂಡ ಕತ್ತೆತ್ತಿ ಕೇಳತೊಡಗಿದ.

"ಹೇಳಿ ಅಂಕಲ್, ಯಾವಾಗ ಬರ್ತೀರಾ?"

"ಬತ್ತೀನಮ್ಮ. ಅದಕ್ಕೆ ಮುಂಚೆ ಒಂದು ಕೇಳ್ಬೇಕಿತ್ತು. ನಿಮ್ಮಲ್ಲಿ ಮಾಡುಸ್ಕಂಡು ಮಿಷನ್ ಬುಟ್ಟೋರು ಇದಾರಲ್ಲ, ಅವ್ರಲ್ಲಿ ಒಬ್ರ ಜೊತೆ ನಂಗೆ ಮಾತಾಡ್ಸಿ."

"ತುಂಬಾ ಜನ ಇದಾರೆ ಅಂಕಲ್."

"ತುಂಬಾ ಜನ ಬ್ಯಾಡ ತಾಯಿ, ಒಬ್ರು ಸಾಕು. ಹೆಸ್ರು ಹೇಳಿ, ನಾನೇ ಕೂಗ್ತೀನಿ."

"ಪೇಷಂಟ್ ಹೆಸರು ಹೇಳೋ ಹಾಗಿಲ್ಲ ಅಂಕಲ್, ಗುಟ್ಟಾಗಿ ಇಡಬೇಕು."

"ಸರಿ, ನನ್ನ ನಂಬರು ಅವ್ರಿಗೆ ಕೊಡಿ. ಅವ್ರೇ ಮಾಡ್ಲಿ. ಹೆಸ್ರು ಹೇಳ್ದೆ ಮಾತಾಡ್ಲಿ."

ಹುಡುಗಿ ಮಾತು ತಿರುಗಿಸಿದಳು, "ಅಂಕಲ್, ಮೊದಲು ನೀವು ನಂಬಿಕೆ ಇಡಬೇಕು. ನಂಬಿಕೆ ಇಲ್ಲದಿದ್ರೆ ಟ್ರೀಟ್‌ಮೆಂಟ್ ಕೆಲಸ ಮಾಡಲ್ಲ."

ಶಿವಪ್ಪ ಫೋನ್ ಇಟ್ಟು ಎದೆಯ ಮೇಲೆ ಮಗುಚಿ ಹಾಕಿಕೊಂಡರು. ಯಾರನ್ನೂ ನೋಡದೆ ಹೇಳಿದರು.

"ಹಾಜ್ರಿ ಕರ್ದಾಗ ಒಬ್ರೂ ಓಗೊಡಲ್ಲ ಅಂದ್ರೆ ಏನರ್ಥ? ಆಳೇ ಇಲ್ಲ ಅಂತ. ಇಷ್ಟು ವರ್ಷ ಇದೇ ಕೆಲ್ಸ ಮಾಡಿವ್ನಿ, ಇಷ್ಟು ತಿಳಿಯಲ್ವಾ ನಂಗೆ."

ನಮಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಅವರ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈ ಎದೆಯ ಮೇಲಿನ ಫೋನನ್ನು ಒತ್ತಿ ಹಿಡಿದಿತ್ತು, ಒರೆಸಿಕೊಳ್ಳಲು ಕೈ ಇಲ್ಲ. ಗಿರಿಜಕ್ಕ ಸೆರಗಿನಿಂದ ಒರೆಸಿದಳು.

"ಹಂಗಾರೆ ಇದೇ ಏನ್ ಸಿಸ್ಟ್ರಮ್ಮ? ಕೊನೇಗಂಟ?"

ಡಾಕ್ಟರು ನನ್ನ ಮುಖ ನೋಡಿದರು. ಅವರು ಏನೋ ಹೇಳಲು ಹೊರಟಿದ್ದರು, ಆದರೆ ಪ್ರಶ್ನೆ ನನಗೆ ಕೇಳಿದ್ದು. ಮೊದಲ ದಿನ ಕೇಳಿದ ಪ್ರಶ್ನೆಯೇ ಅದು. "ನೋಡೋಣ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೂಂ ರೈಟ್ರೇ. ಬೇರೆ ಕಿಡ್ನಿ ಸಿಕ್ಕಿದ್ರೆ ಅದೊಂದು ದಾರಿ, ಅದಕ್ಕೆ ಹೆಸ್ರು ಬರ್ಸಾಣ. ಸಿಗಗಂಟ ಇದೇ. ಕೊನೇಗಂಟಾನೂ ಇದೇ ಇರ್ಬೌದು" ಎಂದೆ.

ಅವರು ಎದೆಯ ಮೇಲಿದ್ದ ಫೋನನ್ನು ಗಿರಿಜಕ್ಕನ ಕೈಗೆ ಕೊಟ್ಟರು. ಆಮೇಲೆ, "ಇದನ್ನ ಮೊದ್ಲೇ ಹೇಳ್ಬುಟ್ಟಿದ್ರೆ ಆಗ್ತಿತ್ತು" ಎಂದರು. ಅದರಲ್ಲಿ ದೂರು ಇರಲಿಲ್ಲ. ಎಷ್ಟು ಜನ ಸೇರಿ ಈ ಮನುಷ್ಯನಿಗೆ ಎಷ್ಟು ಮಾತಾಡಿದ್ದೆವು, ಈ ಒಂದು ಮಾತು ಬಿಟ್ಟು.

ಕೊಯ್ಲಿಗೆ ಎಸ್ಟೇಟಿನಲ್ಲಿ ಬೇರೆ ರೈಟರು ಬಂದ. ಶಿವಪ್ಪನವರಿಗೆ ಮಾಲೀಕರು ಸ್ಟೋರಿನ ಉಸ್ತುವಾರಿ ಕೊಟ್ಟರು, ಮಿಷನ್ ಇಲ್ಲದ ದಿನ ಬಂದರೆ ಸಾಕು ಎಂದರು. ಸ್ಟೋರಿನ ಹಿಂದಿನ ಮರ ಕಡಿಸಿದಿರಾ ಎಂದು ಕೇಳಿದೆ. "ಯಾಕೆ ಕಡುಸ್ಲಿ? ಕತ್ತಿಗೆ ಬೇಕಲ್ಲ. ಅದು ಕತ್ತಿಗೆ, ಇದು ನಂಗೆ" ಎಂದು ಮಿಷನ್ ಕಡೆ ಕೈ ತೋರಿಸಿದರು.

ಆ ಕೊಯ್ಲಿನ ಮೊದಲ ವಾರ, ಬೆಳಗಿನ ಪಾಳಿಯವರೆಲ್ಲ ಮಂಚ ಸೇರಿದ ಮೇಲೆ ಶಿವಪ್ಪ ಸುಮ್ಮನೆ ಮಲಗಿದ್ದರು. ಆ ಹೊತ್ತಿನಲ್ಲಿ ಎಸ್ಟೇಟಿನಲ್ಲಿ ಏನು ನಡೆಯುತ್ತಿರುತ್ತದೆ ಎಂದು ಘಟಕದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇದ್ದಕ್ಕಿದ್ದ ಹಾಗೆ ಮಂಜ ಕೂಗಿದ.

"ರೈಟ್ರೇ, ಇವತ್ತು ನಮ್ದು ಹಾಜ್ರಿ ಇಲ್ವಾ? ಪುಕ್ಸಟ್ಟೆ ಮಲಗವಾ?"

ಶಿವಪ್ಪ ಅವನ ಕಡೆ ಒಂದು ಸಲ ನೋಡಿದರು. ಗಂಟಲು ಸರಿ ಮಾಡಿಕೊಂಡರು. ಆಮೇಲೆ ಬಾಗಿಲ ಕಡೆಯ ಮಂಚದಿಂದ ಶುರು ಮಾಡಿ ಒಬ್ಬೊಬ್ಬರ ಹೆಸರು ಹಿಡಿದು ಕರೆದರು. ಒಬ್ಬೊಬ್ಬರೂ "ಹಾಜರ್" ಎಂದರು. ಮಾತಾಡಲು ಶಕ್ತಿಯಿಲ್ಲದ ಒಬ್ಬ ಅಜ್ಜಿ ಕೈ ಎತ್ತಿದಳು. ಅವರ ಪಾಳಿಯ ದಿನಗಳಲ್ಲಿ ಅಂದಿನಿಂದ ಅದೇ ರೂಢಿಯಾಯಿತು. ಹೆಸರು ಕರೆದಾಗ ಓಗೊಡುವವರು ಇರದಿದ್ದರೆ ಅರೆಕ್ಷಣ ನಿಲ್ಲುತ್ತಿದ್ದರು, ಮುಂದಿನ ಹೆಸರಿಗೆ ಹೋಗುತ್ತಿದ್ದರು. ನಾನು ಆ ಹೊತ್ತಿಗೆ ಎಲ್ಲ ಕೆಲಸ ಬಿಟ್ಟು ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಯಾರ ದನಿ ಹೇಗಿದೆ ಎನ್ನುವುದರಿಂದಲೇ ಯಾರನ್ನು ಮೊದಲು ನೋಡಬೇಕು ಎಂದು ತಿಳಿಯುತ್ತಿತ್ತು.

ಹೊಸದಾಗಿ ಸೇರುವವರಿಗೆ ಹೇಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ಆ ಮೂಲಕೋಶದ ಚಿಕಿತ್ಸೆ ನಿಜವಾಗಿಯೂ ಬಂದರೂ ಬರಬಹುದು. ಬಂದ ದಿನ ನನಗೆ ಫೋನ್ ಮಾಡಿ, ಬದುಕಿದ್ದರೆ ಸಿಹಿ ಹಂಚುತ್ತೇನೆ. ಅಲ್ಲಿಯವರೆಗೆ ಯಾರಾದರೂ ಬಿಕ್ಕಳಿಸುತ್ತಾ ಬಂದರೆ ಯಾರು ನೆನೆಸಿಕೊಂಡರು ಎಂದು ಕೇಳಬೇಡಿ, ಏನು ತಿಂದಿರಿ ಎಂದು ಕೇಳಿ.

ನಾನು ನಿವೃತ್ತಳಾದ ದಿನ ಶಾಲು, ಹಾರ ಎಲ್ಲ ಮಧ್ಯಾಹ್ನಕ್ಕೆ ಇತ್ತು. ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದೆ. ಶಿವಪ್ಪನವರ ಪಾಳಿಯೇ ಇತ್ತು. ಬಾಗಿಲ ಹತ್ತಿರ ನಿಂತೆ. ಅವರು ಹಾಜರಿ ಕರೆದು ಮುಗಿಸಿದರು, ಕೊನೆಗೆ ಎಂದಿನಂತೆ "ರೈಟರ್ ಶಿವಪ್ಪ" ಎಂದು ತಮ್ಮ ಹೆಸರನ್ನು ತಾವೇ ಕರೆದು "ಹಾಜರ್" ಎಂದರು. ನಾನು ಹೊರಡಲು ತಿರುಗಿದೆ.

"ಸಿಸ್ಟ್ರಮ್ಮ" ಎಂದು ಕೂಗಿದರು.

ಏನಾದರೂ ಬೇಕಿತ್ತೇನೋ ಎಂದು ನೋಡಿದೆ. ಬೇಕಿರಲಿಲ್ಲ. ಹಾಜರಿಯ ದನಿಯಲ್ಲಿಯೇ ಕರೆದಿದ್ದರು. ಎಲ್ಲ ಮಂಚದವರೂ ನನ್ನ ಕಡೆಗೇ ನೋಡುತ್ತಿದ್ದರು. ನಾನು ಕಣ್ಣು ಒರೆಸಿಕೊಳ್ಳುತ್ತಾ ನಿಂತೆ.

"ಏನ್ರೀ, ಗೈರು ಹಾಕ್ಬುಡ್ಲಾ?"

"ಹಾಜರ್ ಕಣ್ರೀ ರೈಟ್ರೇ, ಹಾಜರ್" ಎಂದೆ.